ನೀರಿನ ಮೇಲಣ ಅಪವಾದ

ಸಾಗರಕ್ಕೆ ಸಮೀಪದ ವರದಮೂಲದಲ್ಲಿ ವರದಾ ನದಿಯು ಹುಟ್ಟುತ್ತದೆ. ಅಲ್ಲಿನ ತೀರ್ಥದಲ್ಲಿ ಮಿಂದು ಮರಳಿದವರ ಬಾಚಣಿಗೆಯಲ್ಲಿ ನಾಲ್ಕು ಕೂದಲು ಹೆಚ್ಚಾಗಿ ಕಂಡರೆ ಸಾಕು, ‘ನೀರು ಬದಲಾಯಿತು’ ಎನ್ನುವುದು ನಮ್ಮವರ ವಾಡಿಕೆ. ಪಾಪ, ನೀರು ಎದುರಾಡದು! ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೇ. ರಾಶಿಯಾಗಿ ಉದುರಿದಾಗ ನಾವು ನೆನೆಯತಕ್ಕದ್ದು ನಿನ್ನೆಯ ಸ್ನಾನವನ್ನಲ್ಲ, ಎರಡು ಮೂರು ತಿಂಗಳ ಹಿಂದಣ ದೇಹಸ್ಥಿತಿಯನ್ನು. ತೀವ್ರ ಜ್ವರವೋ ಹೆರಿಗೆಯೋ ಆದಾಗ ಅನೇಕ ಬೇರುಗಳು ಒಮ್ಮೆಗೇ ವಿಶ್ರಾಂತಿಗೆ ಸರಿದು, ತಿಂಗಳುಗಳು ಕಳೆದ ಮೇಲೆ ಕೂದಲನ್ನು ಬಿಟ್ಟುಕೊಡುತ್ತವೆ. ಬಾಣಂತಿಯು ಅಂಜಬೇಕಾದುದಿಲ್ಲ, ವರ್ಷದೊಳಗೆ ಅದು ಬಹುಮಟ್ಟಿಗೆ ಮರಳಿ ಬರುತ್ತದೆ. ಬಾರದಿದ್ದರೆ ರಕ್ತಹೀನತೆಯುಂಟೇ, ಥೈರಾಯ್ಡ್ ಗ್ರಂಥಿಯ ದೋಷವುಂಟೇ ಎಂದು ಪರೀಕ್ಷಿಸಬೇಕು.

ವಯಸ್ಸು ಬೇರೆಯಾದರೆ ಕಾರಣವೂ ಬೇರೆ. ಮಗುವಿನ ತಲೆಯಲ್ಲಿ ಹೊಟ್ಟಿನೊಡನೆ ಬೋಳುಮಚ್ಚೆ ಕಂಡರೆ ಹುಳುಕಡ್ಡಿಯಿರಬಹುದು. ಅದಕ್ಕೆ ಲೇಪವೊಂದೇ ಸಾಲದು, ಒಳಗೆ ಔಷಧ ಬೇಕು. ತರುಣನ ಹಣೆ ಹಿಂದೆ ಸರಿಯುವುದು ಸಾಮಾನ್ಯವಾಗಿ ವಂಶದ ಕೊಡುಗೆ. ಮಿನಾಕ್ಸಿಡಿಲ್ ಲೇಪವನ್ನು ತಿಂಗಳುಗಟ್ಟಲೆ ಹಚ್ಚಿದರೆ ಕೆಲವರಿಗೆ ಫಲವುಂಟು. ಬಿಟ್ಟರೆ ಗಳಿಸಿದ್ದೂ ಹೋಗುವುದು. ಗರುಗದ ಸೊಪ್ಪಿನ ಎಣ್ಣೆಯನ್ನು ನಾವು ಬೇಡವೆನ್ನೆವು, ನಮ್ಮ ಮನೆಗಳಲ್ಲಿಯೂ ಕಾಯಿಸುವುದುಂಟು, ಕೂದಲು ನುಣುಪಾಗುತ್ತದೆ. ಬೋಳಿನ ಮೇಲೆ ಚಿಗುರುವುದೆಂದು ಮಾತ್ರ ಹೇಳಲಾರೆವು. ಅರುವತ್ತು ದಾಟಿದ ಬೋಳುತಲೆಗಾದರೋ, ಸೀಸೆಯ ಎಣ್ಣೆಗಿಂತ ಬಿಸಿಲಿಗೊಂದು ಟೊಪ್ಪಿಗೆಯೇ ಹೆಚ್ಚು ಉಪಯುಕ್ತ.