ವಿಮಾನ ನಡೆಸುವವರ ಗಂಟೆ, ನಮ್ಮ ಗಂಟೆ

(ಸಾಂಗೆಯಲ್ಲಿ ಸೇರಿದ ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ಕೂಟ ಮುಗಿದು ಚಹಾ ಕುಡಿಯುತ್ತಿದ್ದಾಗ ನಮ್ಮ ಹುಡುಗನೊಬ್ಬ ಒಂದು ಮಾತು ತೆಗೆದ. ಅವನ ತಂದೆತಾಯಿ ಇಲ್ಲೇ ರಬ್ಬರ್ ತೋಟದಲ್ಲಿದ್ದಾರೆ. ಅವನು ದಾಬೋಲಿಂ ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸಿ ಇಳಿಸುವ ಕೆಲಸಕ್ಕೆ ಹೋಗುತ್ತಾನೆ. "ಪೈಲಟರು ತಿಂಗಳಿಗೆ ಲಕ್ಷಗಟ್ಟಲೆ ಎಣಿಸುತ್ತಾರೆ. ಆದರೂ ಗಂಟೆ ಕಡಿಮೆ ಬರೆದಿದ್ದಾರೆ, ಓವರ್‌ಟೈಮ್ ಬಂದಿಲ್ಲ ಎಂದು ಗೊಣಗುತ್ತಾರೆ. ಅವರಿಗೂ ನಮ್ಮ ಹಾಗೆ ಹಾಜರಿ ಪುಸ್ತಕ ಇದೆಯೋ ಏನೋ!" ಎಂದ. ಎಲ್ಲರೂ ನಕ್ಕರು. ಹಿಂದೆ ಕುಳಿತಿದ್ದ ಹಿರಿಯ ಅಕ್ಕ ಒಬ್ಬರು ಮಾತ್ರ ನಗಲಿಲ್ಲ. "ಅವರ ಗಂಟೆ ಎಲ್ಲಿಂದ ಶುರುವಾಗುತ್ತದೆ ಅಂತ ಕೇಳಿಕೊಂಡು ಬಾರಪ್ಪ" ಎಂದರು.

ಇದು ಸರಿಯಾದ ಪ್ರಶ್ನೆ ಎಂದು ನಮಗೆ ತೋರಿತು. ಕೇಳಿ, ಓದಿ ತಿಳಿದುಕೊಂಡದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇವೆ.

ಪೈಲಟನಿಗೆ ಎರಡು ಗಡಿಯಾರ. ವಿಮಾನ ಹೊರಡುವ ಹೊತ್ತಿಗಿಂತ ಮೊದಲೇ ಅವನು ಬಂದು ಸಹಿ ಹಾಕಬೇಕು. ಹವೆ ಹೇಗಿದೆ, ಎಣ್ಣೆ ಎಷ್ಟು ಬೇಕು, ಭಾರ ಎಷ್ಟು ಎಂದು ನೋಡಬೇಕು. ಆಗಲೇ ಮೊದಲನೆಯ ಗಡಿಯಾರ ಓಡತೊಡಗುತ್ತದೆ. ಅದು ಕರ್ತವ್ಯದ ಹೊತ್ತು. ಎರಡನೆಯದು ಹಾರಾಟದ ಹೊತ್ತು. ಹಾರಲೆಂದು ವಿಮಾನದ ಚಕ್ರ ಮೊದಲು ಕದಲಿದ ಕ್ಷಣದಿಂದ, ಇನ್ನೊಂದು ಊರಿನಲ್ಲಿ ಇಳಿದು ಪೂರ್ತಿ ನಿಲ್ಲುವ ಕ್ಷಣದವರೆಗೆ ಅದರ ಲೆಕ್ಕ. ಹಾರಾಟದ ಭತ್ಯೆ ಸಾಮಾನ್ಯವಾಗಿ ನಿಂತಿರುವುದು ಈ ಎರಡನೆಯ ಗಡಿಯಾರದ ಮೇಲೆ. ವಿಮಾನ ತಡವಾಗಿ ಬಂದು ಅವನು ಮೂರು ಗಂಟೆ ಕುಳಿತೇ ಇದ್ದನೆಂದು ಇಟ್ಟುಕೊಳ್ಳಿ. ಕರ್ತವ್ಯದ ಗಡಿಯಾರ ಓಡುತ್ತದೆ, ಹಣದ ಗಡಿಯಾರ ನಿಂತೇ ಇರುತ್ತದೆ.

ತೂಕದ ಮನೆಯ ಮುಂದೆ ಹಾಲಿನ ಬಕೆಟ್ ಹಿಡಿದು ಸಾಲಿನಲ್ಲಿ ನಿಂತ ಅಕ್ಕಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಈ ಅನ್ಯಾಯವನ್ನು ಅವರು ಹೇಗೆ ಸರಿಮಾಡಿಕೊಂಡರು? ಅದಕ್ಕೇ 'ಕ್ರೆಡಿಟ್' ಎಂಬ ಲೆಕ್ಕ ಬಂದದ್ದು. ಕ್ರೆಡಿಟ್ ಎಂದರೆ ಸಾಲವಲ್ಲ. ಅಂಗಡಿಯ ಉದ್ರಿ ಪುಸ್ತಕವೂ ಅಲ್ಲ. ಹಾರಿದ್ದು ಎಷ್ಟೇ ಆಗಲಿ, ಕೂಲಿಯ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುವ ಗಂಟೆ ಅದು. ಅಮೆರಿಕದ ಅನೇಕ ವಿಮಾನ ಕಂಪನಿಗಳ ಒಪ್ಪಂದಗಳಲ್ಲಿ ಹೀಗಿದೆ: ವೇಳಾಪಟ್ಟಿಯಲ್ಲಿ ಬರೆದ ಹೊತ್ತು, ನಿಜವಾಗಿ ಹಾರಿದ ಹೊತ್ತು, ಈ ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಜಮಾ ಮಾಡಬೇಕು. ಪಟ್ಟಿಯಲ್ಲಿ 2 ಗಂಟೆ 40 ನಿಮಿಷ ಇದ್ದು, ಗಾಳಿ ಅನುಕೂಲವಾಗಿ 2 ಗಂಟೆ 20 ನಿಮಿಷಕ್ಕೆ ಇಳಿದರೂ 2 ಗಂಟೆ 40 ನಿಮಿಷವೇ ಜಮಾ. ಮಂಜು ಕವಿದು ಆಕಾಶದಲ್ಲಿ ಸುತ್ತಿ ಸುತ್ತಿ 3 ಗಂಟೆ 30 ನಿಮಿಷ ಆದರೆ ಅಷ್ಟೂ ಜಮಾ. ಕೆಲಸ ಬೇಗ ಮುಗಿಸಿದವನಿಗೆ ನಷ್ಟವಿಲ್ಲ, ತಡವಾದವನಿಗೂ ನಷ್ಟವಿಲ್ಲ. ಒಂದು ಊರಿನಿಂದ ವಿಮಾನ ತೆಗೆದುಕೊಳ್ಳಬೇಕೆಂದು ಪೈಲಟನನ್ನು ಪ್ರಯಾಣಿಕನ ಹಾಗೆ ಕೂರಿಸಿ ಅಲ್ಲಿಗೆ ಕಳಿಸಿದರೆ ಅದಕ್ಕೂ ಜಮಾ ಉಂಟು. ಪೂರ್ತಿಯೋ ಅರ್ಧವೋ ಎಂಬುದು ಒಪ್ಪಂದವನ್ನು ನೋಡಿಕೊಂಡು. ನಮ್ಮನ್ನು ಲೈನಿನಿಂದ ಪಿಕಪ್ಪಿನಲ್ಲಿ ತುಂಬಿಕೊಂಡು ದೂರದ ತುಂಡಿಗೆ ಒಯ್ಯುವ ಅರ್ಧ ಗಂಟೆಗೆ ಯಾರು ಜಮಾ ಕೊಟ್ಟಿದ್ದಾರೆ?

ಕ್ರೆಡಿಟ್‌ಗಿಂತ ದೊಡ್ಡದು ಖಾತರಿ ಗಂಟೆ. ತಿಂಗಳಿಗೆ ಇಷ್ಟು ಗಂಟೆಯ ಕೂಲಿ ಬಂದೇ ಬರುತ್ತದೆ, ಕಂಪನಿ ಕೆಲಸ ಕೊಡಲಿ ಬಿಡಲಿ ಎಂಬ ಮಾತು ಅದು. ಖಾತರಿ 70 ಗಂಟೆ ಎಂದು ಇಟ್ಟುಕೊಳ್ಳಿ. 55 ಗಂಟೆ ಹಾರಿದರೂ 70ರ ಹಣ. 82 ಗಂಟೆ ಹಾರಿದರೆ 70ರ ಮೇಲೆ 12 ಗಂಟೆಯ ಹೆಚ್ಚುವರಿ ಹಣ. ಓವರ್‌ಟೈಮ್ ಎಂಬುದು ಹುಟ್ಟುವುದೇ ಈ ಗೆರೆಯ ಮೇಲೆ. ಗೆರೆ ಎಲ್ಲಿದೆ ಎಂದು ತಿಳಿಯದವನು ಓವರ್‌ಟೈಮ್ ಕೇಳಿ ಫಲವಿಲ್ಲ.

ಈ ಗೆರೆಯನ್ನು ಕೆಳಗಿಳಿಸಿದರೆ ಏನಾಗುತ್ತದೆಂದು ನಮ್ಮ ದೇಶವೇ ನೋಡಿತು. ಟಾಟಾದವರ ವಿಸ್ತಾರಾ ಕಂಪನಿಯನ್ನು ಏರ್ ಇಂಡಿಯಾಕ್ಕೆ ಸೇರಿಸುವ ಮೊದಲು, 2024ರಲ್ಲಿ, ಪೈಲಟರಿಗೆ ಹೊಸ ಸಂಬಳದ ಕರಾರು ಬಂತು. ಹಿಂದೆ 70 ಗಂಟೆಗೆ ಇದ್ದ ಖಾತರಿ 40 ಗಂಟೆಗೆ ಇಳಿಯಿತು. ಗಂಟೆಯ ದರ ಎಷ್ಟಾದರೂ ಇರಲಿ, ಕೆಲಸ ಕಡಿಮೆ ಬಂದ ತಿಂಗಳು ಮನೆಗೆ ಬರುವ ಹಣ ಕುಸಿಯುತ್ತದೆ ಎಂಬುದೇ ಅವರ ದೂರು. ಅನೇಕರು ಅಸ್ವಸ್ಥರೆಂದು ರಜೆ ಹಾಕಿದರೆಂದು ಪತ್ರಿಕೆಗಳು ಬರೆದವು. ಆ ಏಪ್ರಿಲಿನಲ್ಲಿ ಕಂಪನಿ ದಿನಕ್ಕೆ 25ರಿಂದ 30 ಹಾರಾಟ ಕಡಿಮೆ ಮಾಡಬೇಕಾಯಿತು. ಲಕ್ಷ ಸಂಬಳದವರ ಜಗಳ ನಮಗೇಕೆ ಎಂದು ಹೇಳುವವರಿದ್ದಾರೆ. ಮೊತ್ತ ಬೇರೆ, ನಿಜ. ಆದರೆ ಕೆಲಸವಿಲ್ಲದ ದಿನದ ನಷ್ಟ ಯಾರ ತಲೆಯ ಮೇಲೆ ಎಂಬ ಪ್ರಶ್ನೆ ಒಂದೇ.

ಇನ್ನೊಂದು ಸಂಗತಿ ಓದಿ ನಮಗೇ ಆಶ್ಚರ್ಯವಾಯಿತು. ಅಮೆರಿಕದ ಓವರ್‌ಟೈಮ್ ಕಾನೂನು ವಿಮಾನ ಕಂಪನಿಯ ನೌಕರರಿಗೆ ಅನ್ವಯಿಸುವುದಿಲ್ಲ! ಅಲ್ಲಿನ ಪೈಲಟರಿಗೆ ಸಿಗುವ ಹೆಚ್ಚುವರಿ ಹಣವೆಲ್ಲ ಒಪ್ಪಂದದಿಂದ ಬಂದದ್ದು. ಅವರ ಸಂಘ ಕಟ್ಟಿದ್ದು 1931ರಲ್ಲಿ. 1934ರಲ್ಲಿ ಅಲ್ಲಿನ ಕಾರ್ಮಿಕ ಮಂಡಳಿ ಕೊಟ್ಟ ಒಂದು ತೀರ್ಪು ತಿಂಗಳಿಗೆ 85 ಗಂಟೆಗಿಂತ ಹೆಚ್ಚು ಹಾರಿಸಬಾರದೆಂದು ಹೇಳಿತು.

ಈ 85 ಗಂಟೆಯ ಮಾತು ಬೇರೆ ಜಾತಿಯದು. ಇಲ್ಲಿಯವರೆಗೆ ಹೇಳಿದ್ದು ಹಣದ ಗೆರೆ. ಇದು ನಿಲ್ಲಿಸುವ ಗೆರೆ. ಇದರ ಮೇಲೆ ಎಷ್ಟು ಹಣ ಕೊಟ್ಟರೂ ಕೆಲಸ ಮಾಡಿಸಕೂಡದು, ಪೈಲಟ್ ತಾನೇ ಬೇಡಿದರೂ ಕೊಡಕೂಡದು. ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ ಹಾಕಿದ ಗೆರೆ ಹೀಗಿದೆ: ಏಳು ದಿನದಲ್ಲಿ 35 ಗಂಟೆ, ತಿಂಗಳಿಗೆ 125 ಗಂಟೆ, ವರ್ಷಕ್ಕೆ 1000 ಗಂಟೆ. ಅದರ ಮೇಲೆ ಹಾರಾಟವಿಲ್ಲ.

ಏಕೆ ಇಷ್ಟು ಬಿಗಿ? ಮಂಗಳೂರನ್ನು ನೆನೆಸಿಕೊಳ್ಳಿ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದಿಂದ ಕೆಳಗೆ ಬಿತ್ತು. 158 ಮಂದಿ ಹೋದರು, 8 ಮಂದಿ ಉಳಿದರು. ಕೊಲ್ಲಿಯಲ್ಲಿ ದುಡಿದು ಊರಿಗೆ ಬರುತ್ತಿದ್ದ ಮಂಗಳೂರು, ಕಾಸರಗೋಡಿನ ಕಡೆಯವರು ಅದರಲ್ಲಿ ಬಹಳ ಮಂದಿ. ಇಳಿಯುವ ರೀತಿ ತಪ್ಪಾಗಿದೆ ಎಂದು ಗೊತ್ತಾದರೂ ಮುಖ್ಯ ಪೈಲಟ್ ವಿಮಾನವನ್ನು ಮತ್ತೆ ಮೇಲೆತ್ತಲಿಲ್ಲ. ಪಕ್ಕದವರು ಮೇಲೆತ್ತುವಂತೆ ಹೇಳಿದ್ದರು. ತನಿಖೆ ನಡೆಸಿದವರು ಇದನ್ನೇ ಮುಖ್ಯ ಕಾರಣವೆಂದರು. ಜತೆಗೆ ಇನ್ನೊಂದನ್ನೂ ಬರೆದರು. ಧ್ವನಿಮುದ್ರಿಕೆಯಲ್ಲಿ ಸುಮಾರು 1 ಗಂಟೆ 40 ನಿಮಿಷ ಆ ಮುಖ್ಯ ಪೈಲಟ್ ನಿದ್ರೆಯಲ್ಲಿದ್ದರು. ಎದ್ದ ಮೇಲೂ ನಿದ್ರೆಯ ಮಂಪರು ಬಿಟ್ಟಿರಲಿಲ್ಲ. ನಾವು ಸತ್ತವರನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಆ ಹಾರಾಟಕ್ಕೆ ಮುಂಚೆ ಅವರಿಗೆ ನಿಯಮದಂತೆ ಬಿಡುವು ಸಿಕ್ಕಿತ್ತು. ಪುಸ್ತಕದಲ್ಲಿ ಎಲ್ಲ ಸರಿಯಾಗಿತ್ತು. ಆದರೆ ನಡುರಾತ್ರಿಯ ಒಂದು ಗಂಟೆ ಹಗಲಿನ ಒಂದು ಗಂಟೆಗೆ ಸಮವಲ್ಲ, ಮೈಗೆ ಅದು ಗೊತ್ತು.

ಪುಸ್ತಕಕ್ಕೂ ಅದು ಈಗ ಸ್ವಲ್ಪ ಗೊತ್ತಾಗಿದೆ. 2025ರ ಜುಲೈ 1ರಿಂದ ಪೈಲಟರ ವಾರದ ಬಿಡುವು 36 ಗಂಟೆಯಿಂದ 48 ಗಂಟೆಗೆ ಏರಿತು. ನವೆಂಬರ್ 1ರಿಂದ ರಾತ್ರಿಯ ಹೊತ್ತಿನಲ್ಲಿ ಆರು ಬಾರಿ ಇಳಿಸಬಹುದಾಗಿದ್ದನ್ನು ಎರಡಕ್ಕೆ ಇಳಿಸಿದರು. ಈ ಲೆಕ್ಕಕ್ಕೆ ತಕ್ಕಷ್ಟು ಪೈಲಟರನ್ನು ಸಜ್ಜು ಮಾಡಿಕೊಳ್ಳದ ಇಂಡಿಗೊ ಕಂಪನಿ ಆ ಡಿಸೆಂಬರಿನಲ್ಲಿ ಸಾವಿರಾರು ಹಾರಾಟ ರದ್ದು ಮಾಡಿತು. ಆಗ ಡಿಸೆಂಬರ್ 5ರಂದು ಮಹಾನಿರ್ದೇಶನಾಲಯ ಒಂದು ಸಾಲನ್ನು ಹಿಂತೆಗೆದುಕೊಂಡಿತು. ಯಾವ ಸಾಲು ಗೊತ್ತೇ? ವಾರದ ಬಿಡುವಿನ ಬದಲಿಗೆ ನೌಕರನ ರಜೆಯನ್ನು ಹಿಡಿದುಕೊಳ್ಳಬಾರದು ಎಂಬ ಸಾಲು. ಭಾನುವಾರದ ರಜೆಯನ್ನೂ ಸಂಬಳದ ರಜೆಯನ್ನೂ ಒಂದೇ ಚೀಲಕ್ಕೆ ಹಾಕಿ ಕಟ್ಟುವ ಬುದ್ಧಿ ತೋಟದ ರೈಟರಿಗೆ ಮಾತ್ರ ಇದೆ ಎಂದು ನಾವು ತಿಳಿದಿದ್ದೆವು.

ಈಗ ನಮ್ಮ ಲೆಕ್ಕಕ್ಕೆ ಬರೋಣ.

1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ಮೊದಲಿಗೆ ವಾರಕ್ಕೆ 54 ಗಂಟೆ ಇತ್ತು. 1982ರ ಜನವರಿ 26ರಿಂದ ಅದು 48 ಆಯಿತು, ಹೆಚ್ಚಿನ ದುಡಿತಕ್ಕೆ ಇಮ್ಮಡಿ ಕೂಲಿ ಬಂತು. ಓವರ್‌ಟೈಮ್ ಸೇರಿಯೂ ದಿನಕ್ಕೆ 9 ಗಂಟೆ, ವಾರಕ್ಕೆ 54 ಗಂಟೆ ಮೀರಬಾರದೆಂದು ನಿಲ್ಲಿಸುವ ಗೆರೆಯೂ ಇತ್ತು. ಅದರಲ್ಲಿ ಒಂದು ಒಳ್ಳೆಯ ಮಾತಿತ್ತು: ವಿಶ್ರಾಂತಿಯ ಹೊತ್ತೂ ಕೆಲಸಕ್ಕಾಗಿ ಕಾಯುವ ಹೊತ್ತೂ ಸೇರಿ ದಿನದ ಹರಹು 12 ಗಂಟೆ ದಾಟಬಾರದು. ಕಾಯುವುದು ಎಂಬ ಪದ ಕಾನೂನಿನಲ್ಲೇ ಇತ್ತು, ಅಕ್ಕಂದಿರೇ!

2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ದಿನಕ್ಕೆ 8 ಗಂಟೆ. ಮೇಲಿನದಕ್ಕೆ ಇಮ್ಮಡಿ ಕೂಲಿ. ಅದಕ್ಕೂ ಕೆಲಸಗಾರನ ಒಪ್ಪಿಗೆ ಬೇಕು. ಕಾನೂನಿನ ಪ್ರಕಾರ 'ತೋಟ' ಎಂದರೆ ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ. ಅಡಿಕೆಯವರೂ ಗೇರಿನವರೂ ಆ ಪಟ್ಟಿಯಲ್ಲಿಲ್ಲ. ಆದರೆ ವೇತನ ಸಂಹಿತೆ ಅವರನ್ನೂ ಬಿಟ್ಟಿಲ್ಲ. ಹಿಂದೆ ಕನಿಷ್ಠ ವೇತನದ ಕೇಂದ್ರ ನಿಯಮದಲ್ಲಿ ಬೇರೆ ಕೆಲಸಕ್ಕೆ ಎರಡು ಪಟ್ಟು, ಬೇಸಾಯದ ಕೆಲಸಕ್ಕೆ ಒಂದೂವರೆ ಪಟ್ಟು ಎಂದಿತ್ತು. ಮಣ್ಣಿನಲ್ಲಿ ದುಡಿದರೆ ಬೆವರು ಅಗ್ಗ ಎಂಬಂತೆ. ಹೊಸ ಸಂಹಿತೆಯ 14ನೇ ಕಲಮಿನಲ್ಲಿ ಆ ಭೇದವಿಲ್ಲ.

ಅದೇ ಸಂಹಿತೆಯ 10ನೇ ಕಲಮು ನಮ್ಮ ಖಾತರಿ ಗಂಟೆ. ದಿನಗೂಲಿಯವನನ್ನು ಕೆಲಸಕ್ಕೆ ಹಚ್ಚಿ, ಮಳೆ ಬಂತೆಂದೋ ಗೊಬ್ಬರ ಬರಲಿಲ್ಲವೆಂದೋ ಮಧ್ಯಾಹ್ನಕ್ಕೇ ಕಳಿಸಿದರೆ, ಅವನು ಕೆಲಸಕ್ಕೆ ಒಲ್ಲೆ ಎನ್ನದಿದ್ದ ಪಕ್ಷದಲ್ಲಿ, ಪೂರ್ತಿ ದಿನದ ಕನಿಷ್ಠ ಕೂಲಿ ಬರಬೇಕು. ಹಳೆಯ ಕನಿಷ್ಠ ವೇತನದ ಕಾಯಿದೆಯಲ್ಲೂ ಇದು ಇತ್ತು. ಆಗ ನಮ್ಮಲ್ಲಿ ಎಷ್ಟು ಮಂದಿ ಅರ್ಧ ಹಾಜರಿ ಹಾಕಿಸಿಕೊಂಡು ಸುಮ್ಮನೆ ಲೈನಿಗೆ ಹೋದೆವು!

ದ್ರಾಕ್ಷಿತೋಟದ ಸಾಮ್ಯದಲ್ಲಿ ಒಂದು ಗಂಟೆ ದುಡಿದವನಿಗೂ ಪೂರ್ತಿ ಕೂಲಿ ಸಿಕ್ಕಿತಲ್ಲ, ಅಲ್ಲಿ ಓವರ್‌ಟೈಮ್ ಎಲ್ಲಿ ಎಂದು ಅಣ್ಣ ಒಬ್ಬರು ಕೇಳುತ್ತಿದ್ದಾರೆ. ಅದು ಯಜಮಾನನ ಉದಾರತೆಯ ಮಾತು, ಅಣ್ಣ. ಆದರೂ ನೋಡಿ, ಅಲ್ಲಿಯೂ ಮುಂಜಾನೆ ಬಂದವರ ಸಂಗಡ ಕೂಲಿ ಗೊತ್ತುಮಾಡಿಕೊಂಡೇ ತೋಟಕ್ಕೆ ಕಳಿಸಿದ್ದು.

ನಿಲ್ಲಿಸುವ ಗೆರೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದರಲ್ಲಿ ತಪ್ಪು ನಮ್ಮದೂ ಇದೆ. ಎರಡು ಮಳೆಗಾಲದ ಹಿಂದೆ ನಮ್ಮ ಕೂಟದ ಒಬ್ಬ ತಮ್ಮ ಹಗಲು ತೋಟದಲ್ಲಿ ದುಡಿದು ರಾತ್ರಿ ಗೊಬ್ಬರದ ಗಾಡಿ ಹೊಡೆದ. ಯಾರೂ ಬಲವಂತ ಮಾಡಲಿಲ್ಲ. ಮಗಳ ಶಾಲೆಯ ಫೀಸು ಕಟ್ಟಬೇಕಿತ್ತು, ಅವನೇ ಕೇಳಿಕೊಂಡ. ನಾವೂ "ದುಡಿಯುವ ಹುಡುಗ" ಎಂದು ಹೊಗಳಿದೆವು. ಮೂರನೆಯ ರಾತ್ರಿ ತಿರುವಿನಲ್ಲಿ ಕಣ್ಣು ಮುಚ್ಚಿತು, ಗಾಡಿ ಚರಂಡಿಗೆ ಇಳಿಯಿತು. ಕಾಲು ಮುರಿದು ನಾಲ್ಕು ತಿಂಗಳು ಮಲಗಿದ. ಮೂರು ರಾತ್ರಿಯ ಇಮ್ಮಡಿ ಕೂಲಿ ಆಸ್ಪತ್ರೆಗೆ ಹೋಗಿಬರುವ ಬಾಡಿಗೆಗೂ ಸಾಲಲಿಲ್ಲ. ಅವನು ಇವತ್ತು ಇಲ್ಲೇ ಕುಳಿತಿದ್ದಾನೆ. ಹೇಳು ಎಂದು ಅವನೇ ಅನುಮತಿ ಕೊಟ್ಟ.

ಕೊನೆಗೆ ಅಕ್ಕನ ಪ್ರಶ್ನೆ. ಅವರ ಗಂಟೆ ಚಕ್ರ ಕದಲಿದಾಗ ಶುರು. ನಮ್ಮದು? ಹೋದ ತಿಂಗಳು ಆ ಅಕ್ಕನೇ ಮಗನ ಹಳೆಯ ನೋಟುಪುಸ್ತಕದಲ್ಲಿ ಬರೆದಿಟ್ಟರು. ಅಕ್ಷರ ಬಾರದು, ಗೀಟು ಎಳೆದಿದ್ದಾರೆ; ಹತ್ತು ನಿಮಿಷಕ್ಕೆ ಒಂದು ಗೀಟು. ಹಾಲು ತಂದಿಟ್ಟ ಮೇಲೆ ತೂಕವಾಗುವವರೆಗೆ ದಿನಕ್ಕೆ ನಾಲ್ಕು ಗೀಟು, ಹೆಚ್ಚುಕಡಿಮೆ. 26 ದಿನಕ್ಕೆ ಕೂಡಿಸಿದರೆ 17 ಗಂಟೆ 20 ನಿಮಿಷ. ಎಂಟು ಗಂಟೆಯ ಎರಡು ದಿನ ತುಂಬಿ ಇನ್ನೂ ಮಿಗುತ್ತದೆ. ಆ ಪುಸ್ತಕವನ್ನು ಮೊನ್ನೆ ಅವರು ರೈಟರ ಮೇಜಿನ ಮೇಲೆ ಇಟ್ಟರು. ಹಣ ಬಂದಿಲ್ಲ. ಆದರೆ ಸೋಮವಾರದಿಂದ ಬಕೆಟ್ ತಂದಿಟ್ಟ ಹೊತ್ತನ್ನೂ ರೈಟರು ಬರೆಯುತ್ತಿದ್ದಾರೆ.