ಮೂಲೆಯಲ್ಲಿದ್ದ ಹೆಸರು

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರೆಲ್ಲ ಮದನಿಕೆಯರನ್ನು ಕತ್ತೆತ್ತಿ ನೋಡುತ್ತಾರೆ. ಆ ವಿಗ್ರಹಗಳ ಪೀಠದತ್ತ ಕಣ್ಣು ಹಾಯಿಸುವವರು ಕಡಿಮೆ. ಕೆಲವು ಪೀಠಗಳ ಮೇಲೆ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಅವನ ಮಗ ಚಾವಣನ ಹೆಸರಿದೆ. 1117ರಲ್ಲಿ ಪ್ರತಿಷ್ಠೆಗೊಂಡ ಗುಡಿ ಅದು. ಕಟ್ಟಿಸಿದವನು ವಿಷ್ಣುವರ್ಧನ, ಒಳಗೆ ನಿಂತವನು ಕೇಶವ. ಅರಸನೂ ದೇವರೂ ಇರುವ ಎಡೆಯಲ್ಲಿ ಉಳಿ ಹಿಡಿದವನ ಹೆಸರಿಗೂ ಸ್ಥಳವಿತ್ತೆಂಬುದು ಸಣ್ಣ ಮಾತಲ್ಲ. ದಾಸರ ಪದಗಳಲ್ಲಿಯೂ ಹೀಗೆಯೇ. ಸಿರಿಯನ್ನೆಲ್ಲ ತೊರೆದ ಪುರಂದರದಾಸರು ಅಂಕಿತವನ್ನು ತೊರೆಯಲಿಲ್ಲ. ಹೊತ್ತು ಸಾಲದೆ ನಡುವಣ ನುಡಿಗಳನ್ನು ಬಿಡುವ ಗಾಯಕರು ಕೂಡ ಸಾಮಾನ್ಯವಾಗಿ ಅಂಕಿತದ ನುಡಿಯನ್ನು ಬಿಡುವುದಿಲ್ಲ.

ಇದನ್ನೆಲ್ಲ ತರಗತಿಯಲ್ಲಿ ವರ್ಷ ವರ್ಷವೂ ಪಾಠ ಹೇಳಿದವನು ನಾನು. ಆದರೂ ಒಂದು ಯುಗಾದಿಯ ಬೆಳಗ್ಗೆ ಎಡವಿದೆ.

ಅಂದು ನನ್ನ ಮೊಬೈಲಿಗೆ ಒಂದು ಚಿತ್ರ ಬಂದಿತ್ತು. ಬೇವಿನ ಹೂ ಬಿಡಿಸುತ್ತಿರುವ ಅಜ್ಜಿ, ಪಕ್ಕದಲ್ಲಿ ಬುಟ್ಟಿ ಹಿಡಿದ ಮೊಮ್ಮಗಳು. ಎಲ್ಲವೂ ಬರಿಯ ಗೆರೆಗಳಲ್ಲಿ. ಮನಸ್ಸು ತುಂಬಿತು. ಅದರ ಕೆಳಗೆ ಶುಭಾಶಯ ಬರೆದು, ನನ್ನ ಹೆಸರು ಸೇರಿಸಿ, ವಾಟ್ಸಾಪಿನ ನಾಲ್ಕಾರು ಗುಂಪುಗಳಿಗೆ ಕಳುಹಿಸಿದೆ. ಮಧ್ಯಾಹ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಉತ್ತರ ಬಂತು: “ನಮಸ್ಕಾರ ಸರ್, ಶುಭಾಶಯ ತಲುಪಿತು. ಆ ಚಿತ್ರ ನಾನು ಬರೆದದ್ದು.” ಜೊತೆಗೆ ಮೂಲಚಿತ್ರವೂ ಇತ್ತು. ಅದರ ಬಲಗಡೆಯ ಕೆಳಮೂಲೆಯಲ್ಲಿ ಅವಳ ರುಜು. ನನಗೆ ಬಂದ ಪ್ರತಿಯಲ್ಲಿ ಆ ಮೂಲೆಯೇ ಇರಲಿಲ್ಲ. ಕತ್ತರಿಸಿದವನು ನಾನಲ್ಲ, ನಿಜ. ಆದರೆ ಅವಳ ಹೆಸರಿಲ್ಲದ ಚಿತ್ರದ ಕೆಳಗೆ ನನ್ನ ಹೆಸರನ್ನು ಬರೆದವನು ನಾನೇ.

ಕೂಡಲೆ ಎಲ್ಲ ಗುಂಪುಗಳಿಗೂ ತಪ್ಪೊಪ್ಪಿಗೆ ಕಳುಹಿಸಿದೆ. ಆದರೆ ತಪ್ಪು ನಡೆದಷ್ಟು ದೂರ ತಿದ್ದುಪಡಿ ನಡೆಯಲಿಲ್ಲ. ವರ್ಷದ ಕೊನೆಗೆ ಅದೇ ಚಿತ್ರ ಒಂದು ಅಂಗಡಿಯ ಕ್ಯಾಲೆಂಡರಿನಲ್ಲಿ ಅಚ್ಚಾಯಿತು. ಕೇಳಲು ಹೋದವಳಿಗೆ ದೊರೆತ ಉತ್ತರ: “ವಾಟ್ಸಾಪಿನಲ್ಲಿ ಬಂದದ್ದು ಕಣಮ್ಮ, ಯಾರ ಹೆಸರೂ ಇರಲಿಲ್ಲ.” ಚಿತ್ರ ಬರೆದೇ ಮನೆ ನಡೆಸುವ ಹೆಣ್ಣುಮಗಳು ಅವಳು. ಆ ಉತ್ತರದಲ್ಲಿ ನನ್ನ ಪಾಲೂ ಇದ್ದೀತೆಂಬ ಅಳುಕು ನನ್ನನ್ನು ಇನ್ನೂ ಬಿಟ್ಟಿಲ್ಲ.

ಹೆಸರಿಲ್ಲದ್ದು ಎಲ್ಲರದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಾನೂನು ಹಾಗೆನ್ನುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಚಿತ್ರ ರಚನೆಯಾದಾಗಲೇ ಹಕ್ಕು ಹುಟ್ಟುತ್ತದೆ; ನೋಂದಣಿ ಕಡ್ಡಾಯವಲ್ಲ. ಕಲಾವಿದನ ಆಯುಷ್ಯವಿಡೀ, ಆಮೇಲೆ 60 ವರ್ಷ ಅದು ಉಳಿಯುತ್ತದೆ. ಹಕ್ಕನ್ನು ಮಾರಿದ ಮೇಲೂ ‘ಇದು ನನ್ನ ಕೃತಿ’ ಎನ್ನುವ, ತನ್ನ ಮಾನಕ್ಕೆ ಕುಂದು ತರುವ ವಿರೂಪವನ್ನು ತಡೆಯುವ ಅಧಿಕಾರವನ್ನು 57ನೆಯ ಕಲಮು ಕರ್ತೃವಿಗೆ ಉಳಿಸಿದೆ. ಕೃತಿಯೊಡನೆ ಸೇರಿಸಿದ ಕರ್ತೃವಿನ ಹೆಸರನ್ನು ಬೇಕೆಂದೇ ಅಳಿಸುವುದನ್ನು 2012ರ ತಿದ್ದುಪಡಿ ಶಿಕ್ಷಾರ್ಹ ಅಪರಾಧವನ್ನಾಗಿಸಿದೆ.

ಶಿಲ್ಪಿ ಅಮರನಾಥ ಸೆಹಗಲ್ ಅವರ ಪ್ರಸಂಗವನ್ನು ನೆನೆಯಬೇಕು. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಅವರು ರಚಿಸಿದ್ದ ಬೃಹತ್ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಲಾಯಿತು. ಶಿಲ್ಪಿ 1992ರಲ್ಲಿ ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಉಳಿದ ಭಾಗಗಳನ್ನು ಅವರಿಗೆ ಮರಳಿಸಲು, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆಜ್ಞಾಪಿಸಿತು. ಹಣ ಕೊಟ್ಟು ಕೊಂಡ ಸರಕಾರಕ್ಕೂ ಇಲ್ಲದ ಸ್ವಾತಂತ್ರ್ಯ, ಸುಮ್ಮನೆ ಕಂಡ ನಮಗೆ ಎಲ್ಲಿಂದ ಬಂತು?

‘ಕೃಪೆ: ಅಂತರ್ಜಾಲ’ ಎಂದು ಬರೆದು ಕೈತೊಳೆದುಕೊಳ್ಳುವುದೊಂದು ರೂಢಿ. ಅಂತರ್ಜಾಲ ಚಿತ್ರ ಬರೆಯುವುದಿಲ್ಲ. ಬರೆದವರು ಯಾರೋ ಇದ್ದಾರೆ. ‘ಹೆಸರು ಹಾಕಿದೆನಲ್ಲ’ ಎಂಬುದು ಇನ್ನೊಂದು ಸಮಾಧಾನ. ಹೆಸರು ಹಾಕುವುದು ಮರ್ಯಾದೆ, ಅದು ಅನುಮತಿಯಲ್ಲ. ಪುಸ್ತಕದ ಮುಖಪುಟಕ್ಕೋ ಮಾರಾಟದ ಚೀಲಕ್ಕೋ ಬಳಸುವ ಮುನ್ನ ಕೇಳಲೇಬೇಕು, ಕೇಳಿದ ಸಂಭಾವನೆ ಕೊಡಬೇಕು.

ಕಲಾವಿದರಿಗೂ ಒಂದೆರಡು ಮಾತು. ಫೇಸ್‌ಬುಕ್ಕಿನಲ್ಲಿ ಚಿತ್ರ ಹಾಕಿದಾಗ ಬಳಕೆಯ ಅನುಮತಿಯನ್ನು ಆ ಸಂಸ್ಥೆಗೆ ಕೊಟ್ಟಂತಾಗುತ್ತದೆ, ನೋಡಿದವರಿಗೆಲ್ಲ ಬರೆದುಕೊಟ್ಟಂತಲ್ಲ. ಅಚ್ಚಿಗೆ ಸಾಲದಷ್ಟು ಕಿರಿದಾದ ಪ್ರತಿಯನ್ನೇ ಹಾಕಿ. ಮೂಲವನ್ನು, ಕರಡುಗಳನ್ನು ತಾರೀಖಿನೊಡನೆ ಕಾದಿರಿಸಿ. ವಿವಾದ ಬಂದರೆ ಅವೇ ಸಾಕ್ಷಿ. ಕಳವು ಕಂಡರೆ ಆ ತಾಣಕ್ಕೆ ಬರೆದು ದೂರಿ. ದೂರು ಕೇಳುವ ಅಧಿಕಾರಿ ಇರಬೇಕೆಂದು 2021ರ ನಿಯಮಗಳು ವಿಧಿಸಿವೆ.

ಕಲೆ ಎಲ್ಲರಿಗಾಗಿ ಅಲ್ಲವೆ ಎಂದು ಕೇಳುವವರುಂಟು. ಹೌದು, ಎಲ್ಲರಿಗಾಗಿ. ಆದರೆ ಕೊಡುವ ಕೈಯನ್ನು ಮರೆಸಿ ಪಡೆದದ್ದು ದಾನವಾಗದು. ಹೆಸರು ಬೇಡವೆನ್ನುವ ಔದಾರ್ಯ ಬರೆದವರದಾಗಿರಬೇಕು, ಹಂಚುವವರದಲ್ಲ.

ಮರುವರ್ಷದ ಯುಗಾದಿಗೆ ನಾನೇ ಅವಳನ್ನು ಕೇಳಿದೆ: “ಈ ಸಲದ ಚಿತ್ರ ಕಳುಹಿಸುತ್ತೀಯೇನಮ್ಮ? ನಿನ್ನ ಹೆಸರಿನೊಂದಿಗೇ ಹಂಚುತ್ತೇನೆ.” ಕಳುಹಿಸಿದಳು. ಅದೇ ಅಜ್ಜಿ, ಅದೇ ಮೊಮ್ಮಗಳು. ರುಜು ಮಾತ್ರ ಮೂಲೆಯಲ್ಲಿರಲಿಲ್ಲ. ಹುಡುಕಿದೆ. ಬುಟ್ಟಿಯ ಹೆಣಿಗೆಯ ನಡುವೆ, ಬಿದಿರಿನ ಎಳೆಯೊಂದರಂತೆ ಸೇರಿಕೊಂಡಿತ್ತು. ಇನ್ನು ಅದನ್ನು ಕತ್ತರಿಸಬೇಕಾದರೆ ಬುಟ್ಟಿಯನ್ನೇ ಕತ್ತರಿಸಬೇಕು. ಅವಳ ಜಾಣತನಕ್ಕೆ ಸಂತೋಷವಾಯಿತು. ಹಾಗೆ ಅಡಗಿಸಿಡುವ ಕಾಲವನ್ನು ನಾವು ತಂದೆವಲ್ಲ ಎಂದು ನಾಚಿಕೆಯೂ ಆಯಿತು.

(ಬಾನುಲಿ ಭಾಷಣ)