ಒರೆಸುವ ಕೈಯೇ ಗೀಚುವ ಕೈ
(ವಾಹನಗಳ ಆಶೀರ್ವಾದದ ದಿನದ ಮಾತುಗಳು)



ವಾಹನಗಳ ಆಶೀರ್ವಾದದ ದಿನ ನಮ್ಮ ದೇವಾಲಯದ ಅಂಗಳವನ್ನು ನೋಡುವುದೇ ಒಂದು ಸಂತೋಷ. ಕಾರು, ಆಟೋ, ಸ್ಕೂಟರು, ಶಾಲೆಯ ವ್ಯಾನು ಎಲ್ಲವೂ ಹೂಮಾಲೆ ಧರಿಸಿ ಸಾಲಾಗಿ ನಿಂತಿರುತ್ತವೆ. ಕೆಲವು ಸಾಲದ ಕಂತು ಕಟ್ಟಿ ಕೊಂಡವು, ಕೆಲವು ಮನೆಗೆ ಅನ್ನ ತರುವಂಥವು. ಬಿಸಿಲು ಏರಿದ ಮೇಲೆ ಕಪ್ಪು ಅಥವಾ ಕಡುನೀಲಿ ಬಣ್ಣದ ಕಾರಿನ ಬಾನೆಟ್ಟನ್ನು ಒಮ್ಮೆ ಗಮನಿಸಿ ನೋಡಿರಿ. ಸೂರ್ಯನ ಪ್ರತಿಬಿಂಬದ ಸುತ್ತ ನೂರಾರು ಸಣ್ಣ ಗೀರುಗಳು ಜೇಡರ ಬಲೆಯಂತೆ ಸುತ್ತಿಕೊಂಡಿರುತ್ತವೆ. ಈ ಬಲೆಯನ್ನು ನೇಯ್ದವರು ಯಾರು?

ಹೆಚ್ಚಿನ ಸಂದರ್ಭಗಳಲ್ಲಿ ಹೊರಗಿನವರು ಯಾರೂ ಅಲ್ಲ. ದಿನವೂ ಬೆಳಿಗ್ಗೆ ಪ್ರೀತಿಯಿಂದ ಒರೆಸುವ ಕೈಯೇ ಅದನ್ನು ನೇಯ್ದಿದೆ. ನಮ್ಮ ರಸ್ತೆಗಳ ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿರುತ್ತವೆ. ಅವು ಕಾರಿನ ಬಣ್ಣಕ್ಕಿಂತ ಎಷ್ಟೋ ಗಟ್ಟಿ. ಒಣಬಟ್ಟೆಯಿಂದ ಧೂಳು ಒರೆಸಿದಾಗ ಆ ಕಣಗಳು ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕಿ ಉಜ್ಜುಕಾಗದದಂತೆ ಕೆಲಸ ಮಾಡುತ್ತವೆ. ಗೀರುಗಳು ನಿಜವಾಗಿ ಎಲ್ಲ ದಿಕ್ಕಿಗೂ ಹರಡಿರುತ್ತವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಹೊಳೆಯುವುದರಿಂದ ನಮ್ಮ ಕಣ್ಣಿಗೆ ಅವು ಸುತ್ತುಸುತ್ತಾಗಿ ಕಾಣುತ್ತವೆ. ಬಿಳಿ ಕಾರಿನಲ್ಲೂ ಅವು ಇವೆ, ಕಾಣುವುದಿಲ್ಲ ಅಷ್ಟೆ.

ಈ ಗೀರುಗಳನ್ನು ತೆಗೆಯಬಹುದೇ? ತೆಗೆಯಬಹುದು. ಆದರೆ ಅದಕ್ಕೊಂದು ಬೆಲೆಯಿದೆ. ಆ ಬೆಲೆಯನ್ನು ತಿಳಿಯಬೇಕಾದರೆ ಬಣ್ಣದ ಪದರಗಳನ್ನು ತಿಳಿಯಬೇಕು. ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಒಂದು ಪದರ, ಅದರ ಮೇಲೆ ಪ್ರೈಮರ್, ನಂತರ ನಮಗೆ ಕಾಣುವ ಬಣ್ಣ, ಎಲ್ಲಕ್ಕಿಂತ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಇಂದಿನ ಕಾರುಗಳಲ್ಲಿ ಈ ಮೇಲಿನ ಪದರದ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ಒಂದು ತಲೆಗೂದಲಿಗಿಂತಲೂ ತೆಳು! ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಳಗಿನ ಬಣ್ಣವನ್ನು ಕಾಯುವುದು ಈ ಪದರವೇ. ಪಾಲಿಶ್ ಎಂದರೆ ಗೀರನ್ನು ತುಂಬುವುದಲ್ಲ. ಗೀರಿನ ತಳ ಮುಟ್ಟುವವರೆಗೆ ಸುತ್ತಲಿನ ಪದರವನ್ನು ಸವೆಸಿ ಸಮ ಮಾಡುವುದು. ಹೀಗೆ ಸವೆದುಹೋದದ್ದು ಮರಳಿ ಬರುವುದಿಲ್ಲ. ಪದರ ಪೂರ್ತಿ ಸವೆದರೆ ಮತ್ತೆ ಬಣ್ಣ ಹೊಡೆಸುವುದೊಂದೇ ದಾರಿ. ಆದುದರಿಂದ ಎಷ್ಟು ತೆಗೆದೆವು ಎಂಬುದರಲ್ಲಲ್ಲ, ಎಷ್ಟನ್ನು ಉಳಿಸಿಕೊಂಡೆವು ಎಂಬುದರಲ್ಲಿ ಈ ಕೆಲಸದ ಜಾಣತನವಿದೆ.

ಮೊದಲನೆಯದಾಗಿ, ಗೀರಿನ ಆಳವನ್ನು ಅರಿಯೋಣ. ಉಗುರನ್ನು ಗೀರಿನ ಮೇಲೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶ್‌ನಿಂದ ಅದು ಬಹುಮಟ್ಟಿಗೆ ಹೋಗುತ್ತದೆ. ಸಿಕ್ಕಿಕೊಂಡರೆ ಅದು ಆಳದ್ದು. ಅದನ್ನು ಪೂರ್ತಿ ಅಳಿಸಲು ಹೊರಟರೆ ಪದರವೇ ಹೋದೀತು. ಕೆಲವು ಗೀರುಗಳನ್ನು ಅಂಚು ಮೃದುಮಾಡಿ ಹಾಗೆಯೇ ಉಳಿಯಲು ಬಿಡುವುದು ವಿವೇಕ. ಆದರೆ ಉಕ್ಕಿನ ತಗಡೇ ಕಾಣುತ್ತಿದ್ದರೆ ತಡಮಾಡಬೇಡಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ತುಕ್ಕು ಬಹುಬೇಗ ಹಿಡಿಯುತ್ತದೆ. ಸಾವಿರ ಸಣ್ಣ ಗೀರುಗಳಿಂದ ಕಾರಿನ ಅಂದ ಮಾತ್ರ ಕೆಡುತ್ತದೆ. ತುಕ್ಕು ಹಿಡಿದ ಒಂದು ಗೀರಿನಿಂದ ಕಾರೇ ಕೆಡುತ್ತದೆ. ಬಣ್ಣದ ಸಂಕೇತಸಂಖ್ಯೆ ಸಾಮಾನ್ಯವಾಗಿ ಬಾಗಿಲ ಚೌಕಟ್ಟಿನಲ್ಲಿ ಅಥವಾ ಬಾನೆಟ್ಟಿನ ಒಳಗಿನ ಪಟ್ಟಿಯಲ್ಲಿರುತ್ತದೆ. ಅದೇ ಬಣ್ಣವನ್ನು ತಂದು, ತುಕ್ಕಿದ್ದರೆ ತೆಗೆದು, ಪ್ರೈಮರ್ ಹಚ್ಚಿ, ಸಣ್ಣ ಕುಂಚದಿಂದ ತೆಳುವಾಗಿ ಎರಡು ಮೂರು ಸಲ ತುಂಬಬೇಕು.

ಎರಡನೆಯದಾಗಿ, ಶುದ್ಧಿಯಾಗದೆ ದುರಸ್ತಿಯಿಲ್ಲ. ಧೂಳಿರುವ ಕಾರಿನ ಮೇಲೆ ಪಾಲಿಶ್ ಯಂತ್ರ ಇಟ್ಟರೆ ಹೊಸ ಗೀರುಗಳೇ ಏಳುತ್ತವೆ. ಚೆನ್ನಾಗಿ ತೊಳೆದ ಮೇಲೂ ಕೈಗೆ ತರಿತರಿ ಎನಿಸಿದರೆ, ಜಾರುವ ದ್ರವ ಸಿಂಪಡಿಸಿ ಕ್ಲೇ ಎಂಬ ಮೆತ್ತನೆಯ ಮಣ್ಣಿನಂಥ ವಸ್ತುವನ್ನು ಹಗುರವಾಗಿ ಆಡಿಸಬೇಕು. ಅಂಟಿಕೊಂಡ ಮರದ ಅಂಟು, ಕಬ್ಬಿಣದ ಕಣ ಎಲ್ಲವೂ ಎದ್ದು ಬರುತ್ತವೆ. ಕ್ಲೇ ನೆಲಕ್ಕೆ ಬಿದ್ದರೆ ಅದನ್ನು ಮತ್ತೆ ಬಳಸಬಾರದು.

ಮೂರನೆಯದಾಗಿ, ಮೃದುವಾದುದರಿಂದಲೇ ಆರಂಭಿಸೋಣ. ಎರಡು ಅಡಿ ಚೌಕದ ಒಂದು ಜಾಗದಲ್ಲಿ ಮೊದಲು ಮೆತ್ತನೆಯ ಪ್ಯಾಡ್, ನಯವಾದ ಪಾಲಿಶ್ ಬಳಸಿ ಪರೀಕ್ಷಿಸಿರಿ. ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಗಡುಸಾದ ಕಾಂಪೌಂಡ್‌ಗೆ ಹೋಗಿರಿ. ಕಲಿಯುವವರಿಗೆ ಡ್ಯುಯಲ್ ಆಕ್ಷನ್ ಯಂತ್ರವೇ ಒಳ್ಳೆಯದು. ಅದು ತಿರುಗುತ್ತಲೇ ಓಲಾಡುವುದರಿಂದ ಒಂದೇ ಜಾಗದಲ್ಲಿ ಶಾಖ ಕೂಡುವುದಿಲ್ಲ. ನೇರವಾಗಿ ತಿರುಗುವ ರೋಟರಿ ಯಂತ್ರ ಬೇಗ ಕೆಲಸ ಮಾಡುತ್ತದೆ, ಆದರೆ ಅನುಭವವಿಲ್ಲದ ಕೈಯಲ್ಲಿ ಬಣ್ಣವನ್ನು ಸುಟ್ಟುಬಿಡುತ್ತದೆ. ಬಾಗಿಲ ಅಂಚು, ಬಾನೆಟ್ಟಿನ ಏಣು ಇವುಗಳ ಮೇಲೆ ಬಣ್ಣ ತೆಳುವಾಗಿರುವುದರಿಂದ ಅಲ್ಲಿ ಟೇಪು ಅಂಟಿಸಿರಿ. ಬಿಸಿಲಿನಲ್ಲಿ ಈ ಕೆಲಸ ಬೇಡ. ಹಳೆಯ ಅಂಬಾಸಿಡರ್, ಪದ್ಮಿನಿ ಕಾರುಗಳಿಗೆ ಕ್ಲಿಯರ್ ಕೋಟ್ ಇರಲಿಲ್ಲ. ಪ್ಯಾಡಿಗೆ ಕಾರಿನ ಬಣ್ಣವೇ ಹತ್ತಿದರೆ ಗಾಬರಿಯಾಗಬೇಡಿ, ಆದರೆ ಮಿತಿಯಲ್ಲಿರಿ.

ಪ್ರಿಯರೇ, ಇಲ್ಲಿ ಒಂದು ಎಚ್ಚರಿಕೆಯ ಮಾತು. ಗೀರುಗಳನ್ನು ತೆಗೆಯದೆ ಎಣ್ಣೆ, ಮೇಣ ತುಂಬಿ ಮರೆಮಾಡುವ ಪಾಲಿಶ್‌ಗಳೂ ಇವೆ. ಕೆಲವು ತೊಳೆತಗಳಾದ ಮೇಲೆ ಜೇಡರ ಬಲೆ ಮತ್ತೆ ಕಾಣುತ್ತದೆ. ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಬೆಳಕು ಹಿಡಿದರೆ ನಿಜಸ್ಥಿತಿ ಅಲ್ಲೇ ತಿಳಿಯುತ್ತದೆ. ಮೊದಲ ಕಾರನ್ನು ಹಳೆಯದಾಗಿ ಕೊಳ್ಳುವ ಕುಟುಂಬಗಳು ನಮ್ಮಲ್ಲಿ ಎಷ್ಟೋ ಇವೆ. ಕೂಡಿಟ್ಟ ಹಣ ತೆರುವ ಮುನ್ನ ಅವರು ಈ ಪರೀಕ್ಷೆ ಮಾಡಿಸಲಿ. ಬಣ್ಣದ ದಪ್ಪ ಅಳೆಯುವ ಸಣ್ಣ ಉಪಕರಣವಿರುವವರನ್ನು ಕರೆದೊಯ್ಯಲಿ. ಒಂದು ಬಾಗಿಲಿನ ಅಳತೆ ಉಳಿದವುಗಳಿಗಿಂತ ತೀರ ಹೆಚ್ಚಿದ್ದರೆ ಅದಕ್ಕೆ ಮತ್ತೆ ಬಣ್ಣ ಹೊಡೆದಿರಬಹುದು. ಮಾರುವವರಿಗೂ ಒಂದು ಮಾತು: ಇರುವ ಗೀರನ್ನು ತೋರಿಸಿ ಮಾರಿರಿ. ಹೊಳಪಿನಿಂದ ಸಿಕ್ಕ ಹೆಚ್ಚಿನ ಹಣ ಇನ್ನೊಂದು ಮನೆಯ ಬೆವರು. ಸೆರಾಮಿಕ್ ಲೇಪನ ಹಾಕಿದರೆ ಗೀರೇ ಬೀಳದು ಎಂಬ ಮಾತನ್ನೂ ನಂಬಬೇಡಿ. ತೊಳೆಯುವುದು ಸುಲಭವಾಗುತ್ತದೆ, ಹೊಳಪು ಬಹುಕಾಲ ನಿಲ್ಲುತ್ತದೆ. ಆದರೆ ಅಡಿಯಲ್ಲಿರುವ ಗೀರು ಅಡಿಯಲ್ಲೇ ಇರುತ್ತದೆ.

ಇಷ್ಟೆಲ್ಲ ಮಾಡಿ ಮರುದಿನ ಮತ್ತೆ ಒಣಬಟ್ಟೆ ಹಿಡಿದರೆ ಪ್ರಯೋಜನವೇನು? ಮೊದಲು ನೀರು ಹಾಕಿ ಧೂಳನ್ನು ಇಳಿಸಿ. ಶಾಂಪೂಗೆ ಒಂದು ಬಕೆಟ್, ಬಟ್ಟೆ ತೊಳೆಯಲು ಇನ್ನೊಂದು. ಮೇಲಿನಿಂದ ಕೆಳಕ್ಕೆ ಬನ್ನಿ. ಚಕ್ರದ ಸುತ್ತಲಿನ ಕೊಳೆಯನ್ನು ಕೊನೆಗಿಡಿ. ಮೈಕ್ರೋಫೈಬರ್ ಬಟ್ಟೆಯಿಂದ ಉಜ್ಜದೆ ಒತ್ತಿ ನೀರು ಹೀರಿಸಿ. ಕೊಳವೆಬಾವಿಯ ಗಡಸು ನೀರು ಬಿಸಿಲಿನಲ್ಲಿ ಒಣಗಿದರೆ ಬಿಳಿ ಕಲೆ ಬಿಡುತ್ತದೆ. ನೀರಿನ ಬೆಲೆಯೂ ನಮಗೆ ತಿಳಿದಿರಲಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ನೀರು ಕಡಿಮೆಯಿದ್ದಾಗ ತೊಳೆದು ಬಿಡುವ ಅಗತ್ಯವಿಲ್ಲದ ದ್ರಾವಣಗಳು ಸಿಗುತ್ತವೆ. ಒಂದು ಬಕೆಟ್ ಮತ್ತು ಕೆಲವು ಶುಭ್ರ ಬಟ್ಟೆಗಳು ಸಾಕು. ಅದೂ ಆಗದಿದ್ದರೆ ಧೂಳನ್ನು ಹಾಗೆಯೇ ಬಿಡಿ. ಕೂತ ಧೂಳು ಗೀಚುವುದಿಲ್ಲ, ಎಳೆದ ಧೂಳು ಗೀಚುತ್ತದೆ.

ತಂದೆತಾಯಂದಿರೇ, ಅಪ್ಪನಿಗೆ ಸಹಾಯವಾಗಲೆಂದು ಮಗುವೊಂದು ಪಾತ್ರೆ ತಿಕ್ಕುವ ನಾರಿನಿಂದ ಕಾರನ್ನು ತಿಕ್ಕಿಬಿಡುವುದುಂಟು. ಆಗ ಕೈಯೆತ್ತುವ ಮೊದಲು ಒಂದು ಕ್ಷಣ ನಿಲ್ಲಿರಿ. ಆ ಗೀರನ್ನು ಒಂದೆರಡು ಮೈಕ್ರಾನ್ ಕೊಟ್ಟು ಅಳಿಸಬಹುದು. ಮಗುವಿನ ಮನಸ್ಸಿಗೆ ಬಿದ್ದ ಗೀರಿಗೆ ಯಾವ ಪಾಲಿಶ್ ಇದೆ? ಮೆತ್ತನೆಯ ಬಟ್ಟೆಯನ್ನು ಅದರ ಕೈಗೆ ಕೊಟ್ಟು, ಹೇಗೆ ಒರೆಸಬೇಕೆಂದು ಪಕ್ಕದಲ್ಲಿ ನಿಂತು ತೋರಿಸಿರಿ.

ಆದುದರಿಂದ ಪ್ರಿಯರೇ, ಹಬ್ಬದ ಹೂಮಾಲೆ ಬಾಡಿದ ಮೇಲೂ ನಮ್ಮ ವಾಹನಗಳನ್ನು ಜೋಪಾನವಾಗಿ ನೋಡಿಕೊಳ್ಳೋಣ. ತೆಗೆಯಬೇಕಾದಷ್ಟನ್ನೇ ತೆಗೆಯೋಣ, ಉಳಿಸಬೇಕಾದುದನ್ನು ಉಳಿಸೋಣ, ಒರೆಸುವ ಕೈಯನ್ನು ಹಗುರವಾಗಿಸೋಣ. ಎಲ್ಲರ ಪ್ರಯಾಣಗಳು ಸುಖಕರವಾಗಲಿ.